ಶುಶ್ರೂಷೆಯ ಕಾಯಕವೂ ನಮ್ಮ ಮನೆಗಳೂ

ಶುಶ್ರೂಷೆ ಎಂಬ ಶಬ್ದವನ್ನು ನಾವೆಲ್ಲರೂ ಬಳಸುತ್ತೇವೆ. ರೋಗಿಯ ಆರೈಕೆ ಎಂಬುದು ಅದರ ಅರ್ಥವೆಂದು ಸರ್ವರಿಗೂ ಗೊತ್ತು. ಆದರೆ ಮಠದ ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಹೇಳಿಕೊಡುತ್ತಿದ್ದ ಗುರುಗಳು ಈ ಶಬ್ದವನ್ನು ಬಿಡಿಸಿ ತೋರಿಸಿದ ದಿನ ಉಂಟಾದ ಬೆರಗು ಇಂದಿಗೂ ಮಾಸಿಲ್ಲ. 'ಶ್ರು' ಎಂದರೆ ಕೇಳು. ಅದಕ್ಕೆ ಇಚ್ಛಾರ್ಥದ ಪ್ರತ್ಯಯ ಸೇರಿ 'ಶುಶ್ರೂಷಾ' ಆಗುತ್ತದೆ. ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತಿಗೆ ಕಿವಿಗೊಟ್ಟು ನಿಂತ ಶಿಷ್ಯನ ನಡತೆಗೆ ಸಲ್ಲುತ್ತಿದ್ದ ಈ ಹೆಸರು ಸೇವೆಗೂ ಸಂದು, ರೋಗಿಯ ಮಗ್ಗುಲಲ್ಲಿ ಕುಳಿತವರ ಕೆಲಸಕ್ಕೂ ನಿಂತಿತು. ನರಳುವವನ ಮಾತನ್ನು, ಮಾತಾಡಲಾರದವನ ನರಳಿಕೆಯನ್ನು ಕೇಳಬಯಸುವುದೇ ಶುಶ್ರೂಷೆ. ಇಂಗ್ಲಿಷಿನ ನರ್ಸ್ ಎಂಬ ಪದಕ್ಕೆ ಮೂಲದಲ್ಲಿ ಹಾಲೂಡಿಸಿ ಸಲಹುವ ಅರ್ಥವಿದೆಯೆಂದು ಬಲ್ಲವರು ಹೇಳುತ್ತಾರೆ. ಅದೂ ಸೊಗಸಾದ ಅರ್ಥವೇ. ಆದರೆ ನಮ್ಮ ಶಬ್ದ ಇನ್ನಷ್ಟು ಆಳಕ್ಕೆ ಹೋಗುತ್ತದೆಂದು ನಮ್ಮ ನಂಬಿಕೆ.

ಈ ವಿಚಾರವನ್ನು ಬರೆಯಲು ಪ್ರೇರಣೆಯಾದದ್ದು ಒಂದು ಮದುವೆಯ ಮಾತುಕತೆ. ಹುಕ್ಕೇರಿ ತಾಲೂಕಿನ ಒಂದು ಮನೆಯಲ್ಲಿ ವರನ ಕಡೆಯ ಹಿರಿಯರೊಡನೆ ನಾವೂ ಕುಳಿತಿದ್ದೆವು. ಕನ್ಯೆಯ ಕುಲ, ಶೀಲ, ರೂಪ ಎಲ್ಲವೂ ಒಪ್ಪಿಗೆಯಾಗಿದ್ದವು. ಕಡೆಗೆ ವರನ ಸೋದರತ್ತೆ ಮೆಲ್ಲಗೆ ಹೇಳಿದರು: "ಹುಡುಗಿ ಚಲೋ ಅದಾಳ್ರಿ ಗುರುಗಳ. ಆದರ ನರ್ಸ ಕೆಲಸ. ರಾತ್ರಿ ಪಾಳಿ ಇರತೈತಿ, ಗಂಡಸರು ಹೆಂಗಸರು ಎಲ್ಲಾರ ಮೈ ಮುಟ್ಟಬೇಕು. ನಮ್ಮ ಮನಿಗೆ ಹೊಂದೂದಿಲ್ರಿ." ಹೀಗೆ ಹೇಳಿದ ತಾಯಿ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು. ದವಾಖಾನೆಯಲ್ಲಿ ಅವರನ್ನು ಎತ್ತಿ ಕೂಡಿಸಿದವಳು, ಬಟ್ಟೆ ಬದಲಿಸಿದವಳು, ನಡುರಾತ್ರಿ ನೀರು ಕುಡಿಸಿದವಳು ಯಾರ ಮನೆಯ ಮಗಳೆಂದು ಅವರು ಒಮ್ಮೆಯಾದರೂ ಯೋಚಿಸಿದ್ದರೋ ಇಲ್ಲವೋ. ನಾವು ಕೇಳಲಿಲ್ಲ. ಸಂಬಂಧ ಕೂಡಲಿಲ್ಲ.

ಶರಣರ ಮಾರ್ಗದಲ್ಲಿ ನಡೆಯುವೆವೆಂದು ಹೇಳಿಕೊಳ್ಳುವ ಮನೆಗಳಲ್ಲಿ ಇಂಥ ಮಾತು ಬರುವುದು ವಿಚಿತ್ರವೇ ಸರಿ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದ ಪರಂಪರೆ ನಮ್ಮದು. ವೈದ್ಯ ಸಂಗಣ್ಣನಂಥವರು ರೋಗಿಗಳ ನಡುವೆಯೇ ಕಾಯಕ ಮಾಡಿಕೊಂಡು ವಚನಗಳನ್ನೂ ರಚಿಸಿದರು. ದಾದಿಯ ಒಂದು ದಿನದ ಕೆಲಸವನ್ನು ಎಣಿಸಿ ನೋಡಿದರೆ ಈ ಐದೂ ಅದರಲ್ಲಿ ಬರುತ್ತವೆ. ಹೆರಿಗೆಯ ರಕ್ತ, ಸತ್ತವರ ಮೈ, ಉಂಡುಬಿಟ್ಟ ತಟ್ಟೆ, ಯಾವ ಕೇರಿಯವನೆಂದು ಕೇಳದೆ ಹಿಡಿಯಬೇಕಾದ ಕೈ. ಪ್ರವಚನದಲ್ಲಿ ನಾವು ಸೂತಕವಿಲ್ಲವೆಂದು ಸಾರುತ್ತೇವೆ. ಅದನ್ನು ದಿನವೂ ಎಂಟು ಹತ್ತು ತಾಸು ನಡೆದು ತೋರಿಸುವವಳನ್ನು ಸೊಸೆಯಾಗಿ ತರಲು ಹಿಂಜರಿಯುತ್ತೇವೆ.

ಹಾಗಾದರೆ ದಾದಿಯ ಧರ್ಮವೇನು? ನಮ್ಮ ಹಿಂದಿನವರು ಇದನ್ನು ಚಿಂತಿಸಿರಲಿಲ್ಲವೆಂದು ತಿಳಿಯಬಾರದು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಮತ್ತೆ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಉಪಚಾರವನ್ನು ಬಲ್ಲವನಾಗಿರುವುದು, ದಕ್ಷತೆ, ಅನುರಾಗ, ಶೌಚ. ಜ್ಞಾನ ಮೊದಲು ಬಂದಿದೆ, ಪ್ರೀತಿ ಆಮೇಲೆ ಬಂದಿದೆ ಎಂಬುದನ್ನು ವಾಚಕರು ಗಮನಿಸಬೇಕು. ದಾದಿಗೆ ಕರುಣೆಯಿದ್ದರೆ ಸಾಕು ಎಂಬ ಮಾತು ಕೇಳಲು ಇಂಪಾಗಿದೆ; ಆದರೆ ಔಷಧದ ಅಳತೆ ತಿಳಿಯದ ಕರುಣೆ ರೋಗಿಯನ್ನು ಕೊಲ್ಲಬಲ್ಲದು. ಇನ್ನೊಂದು ಸೂಕ್ಷ್ಮವಿದೆ. ಆ ಅನುರಾಗ ಯಾರಲ್ಲಿ ಇರಬೇಕು? ವೈದ್ಯನಲ್ಲಿ ಎಂದು ಗ್ರಂಥ ಹೇಳುವುದಿಲ್ಲ, ಹಣ ಕೊಡುವ ಬಂಧುಗಳಲ್ಲಿ ಎಂದೂ ಹೇಳುವುದಿಲ್ಲ. ಹಾಸಿಗೆಯ ಮೇಲೆ ಮಲಗಿದ ರೋಗಿಯಲ್ಲಿ ಇರಬೇಕು. ಈ ಒಂದು ಮಾತನ್ನು ನೆನಪಿನಲ್ಲಿಡಿರಿ. ಮುಂದಿನದೆಲ್ಲ ಇದರ ವಿಸ್ತಾರ. (ರೋಗಿಗೂ ಅಲ್ಲಿ ನಾಲ್ಕು ಗುಣಗಳಿವೆ. ತನ್ನ ಬೇನೆಯನ್ನು ಮುಚ್ಚಿಡದೆ ಹೇಳುವುದು ಅವುಗಳಲ್ಲಿ ಒಂದು. ಬೀಡಿ ಸೇದುವುದಿಲ್ಲವೆಂದು ಸುಳ್ಳು ಹೇಳುವ ನಮ್ಮ ಹಿರಿಯರು ಇದನ್ನು ಓದಬೇಕು.)

ನಮ್ಮ ಭಾಗದಲ್ಲಿ ಈ ವೃತ್ತಿ ಹೊಸದಲ್ಲ. ಡಾ. ವಾನ್ಲೆಸ್ ಅವರು 1894ರಲ್ಲಿ ಮಿರಜಿನಲ್ಲಿ ಆರಂಭಿಸಿದ ಮಿಶನ್ ದವಾಖಾನೆಗೆ ಗೋಕಾಕ, ಹುಕ್ಕೇರಿಯ ಕಡೆಯವರು ರೈಲು ಹತ್ತಿ ಹೋಗುತ್ತಿದ್ದರು. "ಮಿರಜಿಗೆ ಒಯ್ದಾರ" ಎಂದರೆ ಬೇನೆ ದೊಡ್ಡದೆಂದೇ ಅರ್ಥ. ಬಿಳಿಯ ಉಡುಪಿನ ಸಿಸ್ಟರುಗಳನ್ನು ನಮ್ಮ ಅಜ್ಜಂದಿರು ಮೊದಲು ಕಂಡದ್ದು ಬಹುಶಃ ಅಲ್ಲಿಯೇ. 1929ರಲ್ಲಿ ಡಾ. ಕೊಕಟನೂರ ಅವರು ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಅದೇ ಊರಿನಲ್ಲಿ ಸಹಕಾರಿ ತತ್ತ್ವದ ಮೇಲೆ ನಡೆದು ಬಂದ ಜೆ.ಜಿ. ಆಸ್ಪತ್ರೆಯನ್ನು ಅರಿಯದ ರೈತ ಈ ಸೀಮೆಯಲ್ಲಿ ಇರಲಾರ. ಕಬ್ಬಿನ ಹಂಗಾಮಿನಲ್ಲಿ ಇಲ್ಲಿಯ ದವಾಖಾನೆಗಳ ರಾತ್ರಿ ಪಾಳಿ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಹಾವು ಕಡಿದವರು, ಟ್ರ್ಯಾಕ್ಟರ್ ಬಿದ್ದು ಕಾಲು ಮುರಿದವರು, ಕೊಯ್ಲಿಗೆ ಬಂದ ಗುಂಪಿನ ತುಂಬು ಗರ್ಭಿಣಿ, ಮನೆಯ ಜಗಳದಲ್ಲಿ ಬೆಳೆಯ ಎಣ್ಣಿ ಕುಡಿದವರು. ವೈದ್ಯರು ಬರುವವರೆಗೆ ಬಾಗಿಲಲ್ಲಿ ನಿಲ್ಲುವವಳು ಅವಳೇ.

ವೈದ್ಯರು ಹೇಳಿದ್ದನ್ನು ಮಾಡುವುದೇ ದಾದಿಯ ಕೆಲಸವೆಂದು ಬಹುಜನರ ಎಣಿಕೆ. ಒಂದು ಕಾಲಕ್ಕೆ ದಾದಿಯರೂ ಹಾಗೆಯೇ ತಿಳಿದಿದ್ದರು. 1899ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ತನ್ನ ಮೊದಲ ನೀತಿಸಂಹಿತೆಯನ್ನು ಅಂಗೀಕರಿಸಿತು. ವೈದ್ಯರ ಆದೇಶಗಳನ್ನು ಬುದ್ಧಿಪೂರ್ವಕವಾಗಿ, ನಿಷ್ಠೆಯಿಂದ ಪಾಲಿಸಬೇಕೆಂದು ಅದರಲ್ಲಿ ಇತ್ತು. ಆದರೆ ನೀತಿಗೆ ಹೊರತಾದ ಕೆಲಸದಲ್ಲಿ ಪಾಲುಗೊಳ್ಳಲು ನಿರಾಕರಿಸಬೇಕೆಂಬ ಮಾತೂ ಅದರ ಜೊತೆಗೇ ಇತ್ತು. ಇಪ್ಪತ್ತು ವರ್ಷಗಳ ತರುವಾಯ, 1973ರ ಪರಿಷ್ಕರಣದಲ್ಲಿ, ದಾದಿಯ ಪ್ರಥಮ ಹೊಣೆ ಆರೈಕೆ ಬೇಕಾದ ಜನರಿಗೆ ಸಲ್ಲತಕ್ಕದ್ದೆಂದು ಸ್ಪಷ್ಟವಾಯಿತು. ಚರಕನು ಅನುರಾಗವನ್ನು ಎಲ್ಲಿ ಇರಿಸಿದ್ದನೋ ಅಲ್ಲಿಗೇ ಬಂದು ಮುಟ್ಟಿದಂತಾಯಿತು. 1947ರ ಕಾಯಿದೆಯಂತೆ ರಚಿತವಾದ ಭಾರತೀಯ ಶುಶ್ರೂಷಾ ಪರಿಷತ್ತು ಕೂಡ 2006ರಲ್ಲಿ ನಮ್ಮ ದೇಶದ ದಾದಿಯರಿಗಾಗಿ ನೀತಿಸಂಹಿತೆಯನ್ನು ಪ್ರಕಟಿಸಿದೆ. ಗ್ರಂಥಗಳಲ್ಲಿ ಇಷ್ಟು ಇದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಅದು ಹೇಗೆ ಕಾಣುತ್ತದೆಂಬುದನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಕರುಳಿನ ಬೇನೆಯಿಂದ ಒಂದು ಖಾಸಗಿ ದವಾಖಾನೆಯಲ್ಲಿ ಹದಿಮೂರು ದಿನ ಮಲಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ನಮ್ಮ ಮಗ್ಗುಲಿನ ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯ ಮುದುಕರೊಬ್ಬರಿದ್ದರು. ಸಂಜೆ ಕಿಟಕಿಯ ಗಾಳಿ ತಡೆಯದೆ ಅವರು ನಮ್ಮ ಜಾಗಕ್ಕೂ ನಾವು ಅವರ ಜಾಗಕ್ಕೂ ಬದಲಾಗಿದ್ದೆವು. ಯಾರಿಗೂ ತಿಳಿಸಿರಲಿಲ್ಲ, ತಪ್ಪಿನ ಮೊದಲ ಪಾಲು ನಮ್ಮದೇ. ರಾತ್ರಿ ಪಾಳಿಯ ದಾದಿ ಬಂದು ನಿದ್ದೆಗಣ್ಣಿನಲ್ಲಿದ್ದ ನಮ್ಮ ತೋಳಿಗೆ ಸೂಜಿ ಚುಚ್ಚಿ ಹೋದಳು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಓಡುತ್ತ ಬಂದು ನಮ್ಮನ್ನು ಎಬ್ಬಿಸಿದಳು. "ಗುರುಗಳ, ಏಳ್ರಿ. ಅಜ್ಜಾರಿಗೆ ಕೊಡೂ ಇನ್ಸುಲಿನ್ ನಿಮಗ ಕೊಟ್ಟೇನ್ರಿ. ನಂದ ತಪ್ಪೈತಿ. ಅಂಜಬ್ಯಾಡ್ರಿ, ಇದನ್ನ ಕುಡೀರಿ." ಸಕ್ಕರೆಯ ನೀರು ಕುಡಿಸಿದಳು, ವೈದ್ಯರಿಗೆ ಫೋನು ಮಾಡಿದಳು, ಅವರು ಹೇಳಿದಂತೆ ಗ್ಲೂಕೋಸ್ ಏರಿಸಿದಳು. ಬೆಳಗಾಗುವವರೆಗೆ ಮತ್ತೆ ಮತ್ತೆ ಬಂದು ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನಡುವೆ ಒಮ್ಮೆ ನಮ್ಮ ಕಣ್ಣೆದುರಿಗೇ ಕೇಸ್ ಪೇಪರಿನಲ್ಲಿ ಎಲ್ಲವನ್ನೂ ಬರೆದು ಸಹಿ ಮಾಡಿದಳು. ಅವಳು ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆವರಿ ಮೂರ್ಛೆಹೋದ ಮುದುಕನನ್ನು ಕಂಡು ಬೇನೆ ಹೆಚ್ಚಾಯಿತೆಂದು ಎಲ್ಲರೂ ನಂಬುತ್ತಿದ್ದರು.

ಬೆಳಿಗ್ಗೆ ನಮ್ಮ ಬಂಧುಗಳು ಬಂದರು. ವಿಷಯ ತಿಳಿದು ಗದ್ದಲವೆಬ್ಬಿಸಿದರು. ಇಂಥವಳನ್ನು ಇಟ್ಟುಕೊಳ್ಳಬಾರದೆಂದು ಆಡಳಿತದವರ ಮುಂದೆ ಕೂಗಾಡಿದರು. ನಾವು ಆ ವೇಳೆಗೆ ಎಚ್ಚರವಾಗಿದ್ದೆವು, ಮಾತಾಡುವ ಶಕ್ತಿಯೂ ಇತ್ತು. ಆದರೂ ಸುಮ್ಮನಿದ್ದೆವು. ಮೂರನೆಯ ದಿನದಿಂದ ಆ ಮಗಳು ಪಾಳಿಗೆ ಬರಲಿಲ್ಲ. ವಿಚಾರಿಸಿದಾಗ ಬಿಡಿಸಿದ್ದಾರೆಂದು ತಿಳಿಯಿತು. ಸತ್ಯದ ಬಗ್ಗೆ ಸಾವಿರ ಪ್ರವಚನ ಹೇಳಿದ ನಾಲಿಗೆ ಆ ಒಂದು ಬೆಳಗಿನಲ್ಲಿ ಏಕೆ ಏಳಲಿಲ್ಲವೆಂದು ನಾವು ಎಷ್ಟೋ ಸಲ ನಮ್ಮನ್ನೇ ಕೇಳಿಕೊಂಡಿದ್ದೇವೆ. ಆ ವಾರ್ಡಿನಲ್ಲಿ ಇನ್ನೂ ಉಳಿದ ದಾದಿಯರು ಅಂದು ಕಲಿತ ಪಾಠವೇನು? ತಪ್ಪಾದರೆ ಹೇಳಬಾರದು ಎಂಬುದೇ ಅಲ್ಲವೇ? ಆ ಪಾಠವನ್ನು ಕಲಿಸಿದವರಲ್ಲಿ ನಾವೂ ಒಬ್ಬರು.

ದಾದಿಯರಿಗೆ ಔಷಧ ಕೊಡುವಾಗ ಐದು ಸರಿಗಳನ್ನು ನೋಡಬೇಕೆಂದು ಕಲಿಸುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ವೇಳೆ, ಸರಿಯಾದ ಮಾರ್ಗ. ಹೆಸರು ಕೇಳದೆ ಸೂಜಿ ಚುಚ್ಚಿದ್ದು ಅವಳ ತಪ್ಪು, ಅಲ್ಲವೆನ್ನುವುದಿಲ್ಲ. ಆದರೆ ಆ ರಾತ್ರಿ ಎರಡು ವಾರ್ಡುಗಳಿಗೆ ಅವಳೊಬ್ಬಳೇ ಇದ್ದಳು. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬಳು ಇರಬೇಕೆಂದು ಶುಶ್ರೂಷಾ ಪರಿಷತ್ತಿನ ಪ್ರಮಾಣವಿದೆ. ಸಂಬಳದ ಮಾತೂ ಹಾಗೆಯೇ. ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ನೇಮಕವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಶಿಫಾರಸು ಮಾಡಿತು. ತಾಲೂಕು ಊರುಗಳ ದವಾಖಾನೆಗಳಲ್ಲಿ ಹೆಚ್ಚಿನವು ಈ ಗಾತ್ರದವೇ. ತಮ್ಮ ಮಗಳೋ ಸೊಸೆಯೋ ದುಡಿಯುವಲ್ಲಿ ಎಷ್ಟು ಕೊಡುತ್ತಾರೆಂದು ವಾಚಕರೇ ಹೋಲಿಸಿ ನೋಡಬಹುದು. ಇನ್ನೊಂದು ಸಂಗತಿ. ಹತ್ತನೆಯ ಇಯತ್ತೆ ಮುಗಿಸಿದ ಹುಡುಗಿಯರಿಗೆ ಬಿಳಿಯ ಕೋಟು ತೊಡಿಸಿ ಸಿಸ್ಟರ್ ಎಂದು ನಿಲ್ಲಿಸುವ ಪದ್ಧತಿ ಕೆಲವೆಡೆ ಇದೆ. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದವರೇ ದಾದಿಯರು. ಚರಕನ ಮೊದಲ ಗುಣ ಜ್ಞಾನ ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಆ ಮಕ್ಕಳನ್ನು ದೂಷಿಸಿ ಪ್ರಯೋಜನವಿಲ್ಲ, ನಿಲ್ಲಿಸಿದವರನ್ನು ಕೇಳಬೇಕು.

ದಾದಿಯ ಮೇಲೆ ಒತ್ತಡ ತರುವವರು ಮಾಲಿಕರಷ್ಟೇ ಅಲ್ಲ. 2022ರ ಜೂನ್ ತಿಂಗಳ ಸುದ್ದಿಯನ್ನು ಈ ಸೀಮೆಯವರು ಮರೆತಿರಲಾರರು. ಮೂಡಲಗಿಯ ಬಸ್ ನಿಲ್ದಾಣದ ಸಮೀಪ ಸೇತುವೆಯ ಕೆಳಗೆ ಹಳ್ಳದಲ್ಲಿ ಏಳು ಭ್ರೂಣಗಳು ದೊರೆತವು. ಬಾಟಲಿಗಳಲ್ಲಿ ತುಂಬಿ ಎಸೆಯಲಾಗಿತ್ತು. ಲಿಂಗಪತ್ತೆ ಮಾಡಿಸಿ ನಡೆಸಿದ ಭ್ರೂಣಹತ್ಯೆಯ ಶಂಕೆಯನ್ನು ಆರೋಗ್ಯಾಧಿಕಾರಿಗಳು ಆಗ ವ್ಯಕ್ತಪಡಿಸಿದರು, ಪೊಲೀಸರು ಪ್ರಕರಣ ದಾಖಲಿಸಿದರು, ಊರಿನ ದವಾಖಾನೆಗಳ ತಪಾಸಣೆ ನಡೆಯಿತು. ಅದರಲ್ಲಿ ಯಾರ ಪಾಲೆಷ್ಟು ಎಂಬ ನಿರ್ಣಯ ನಮ್ಮದಲ್ಲ. ಶಿವಬೋಧರಂಗರ ಮಠವಿರುವ ಊರಿನಲ್ಲಿ, ಸಂತೆಗೆ ಹೋಗುವ ಜನರ ಕಾಲ ಕೆಳಗೆ, ಆ ಬಾಟಲಿಗಳು ಬಿದ್ದಿದ್ದವು. ಮರುವರ್ಷ, 2023ರ ನವೆಂಬರಿನ ವೇಳೆಗೆ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರವಿಟ್ಟು ಗರ್ಭದ ಲಿಂಗ ನೋಡುತ್ತಿದ್ದ ಜಾಲವು ಬಯಲಿಗೆ ಬಂತು. ಆಲೆಮನೆ ಎಂದರೆ ನಮಗೆ ಬೆಲ್ಲದ ಕಂಪು ನೆನಪಾಗುತ್ತದೆ. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ವೈದ್ಯರ ಜೊತೆಗೆ ದಾದಿಯೂ ಇದ್ದಳು.

1994ರ ಲಿಂಗಪತ್ತೆ ನಿಷೇಧ ಕಾಯಿದೆ ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ಬಗೆಯಿಂದಾಗಲಿ ಗರ್ಭದ ಲಿಂಗವನ್ನು ತಿಳಿಸಬಾರದೆಂದು ಹೇಳುತ್ತದೆ. ಸನ್ನೆ ಎಂಬ ಪದವನ್ನು ಕಾನೂನು ಬರೆದವರು ಸುಮ್ಮನೆ ಹಾಕಿಲ್ಲ. ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವ ರೂಢಿ ನಮ್ಮಲ್ಲಿದೆಯಷ್ಟೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ದಾದಿಯ ಮುಂಗೈ ಹಿಡಿದು "ಬಾಯಾರ, ಪೇಢೆ ತರೂಣೋ ಜಿಲೇಬಿ ತರೂಣೋ, ಅಷ್ಟ ಹೇಳ್ರಿ" ಎಂದು ಕೇಳುವ ಅಜ್ಜಿ ತಾನು ಅಪರಾಧಕ್ಕೆ ಪ್ರೇರೇಪಿಸುತ್ತಿದ್ದೇನೆಂದು ತಿಳಿದಿರುವುದಿಲ್ಲ. ಸೆರಗಿನ ಗಂಟಿನಲ್ಲಿ ಐದು ನೂರರ ನೋಟೂ ಇರುತ್ತದೆ. ಹೀಗೆ ಕೇಳಿ ಮಾಡಿಸುವವರಿಗೆ ಮೊದಲ ಅಪರಾಧಕ್ಕೇ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡವಿದೆ. ಗರ್ಭಿಣಿಯನ್ನು ಮಾತ್ರ ಕಾನೂನು ಬೇರೆ ಕಣ್ಣಿನಿಂದ ನೋಡುತ್ತದೆ. ಅವಳು ಗಂಡನ ಅಥವಾ ಬಂಧುಗಳ ಒತ್ತಾಯಕ್ಕೆ ಮಣಿದಳೆಂದೇ, ಬೇರೆ ರುಜುವಾತು ಬರುವವರೆಗೆ, ಭಾವಿಸುತ್ತದೆ. ಎಂದರೆ ಕಾನೂನಿನ ಬೆರಳು ತಿರುಗುವುದು ಮನೆಯ ಹಿರಿಯರ ಕಡೆಗೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಇಲ್ಲಿ ಒಂದು ಸ್ಪಷ್ಟೀಕರಣ ಅವಶ್ಯ. ತಾಯಿಯ ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯವಾದಾಗ ಮತ್ತು ಕಾಯಿದೆ ಒಪ್ಪಿದ ಇತರ ಕಾರಣಗಳಿಗೆ ನಡೆಯುವ ಗರ್ಭಪಾತ ಬೇರೆ ಮಾತು. ಅದಕ್ಕೆ 1971ರಿಂದ ಕಾನೂನಿನ ದಾರಿ ಇದೆ. ಅಂಥ ಹೆಣ್ಣುಮಗಳನ್ನು ಹಂಗಿಸುವ ದಾದಿಯೂ ತನ್ನ ಧರ್ಮಕ್ಕೆ ತಪ್ಪಿದವಳೇ.

ಹೇಳಬಾರದ್ದನ್ನು ಹೇಳದಿರುವುದು ಈ ವೃತ್ತಿಯ ದೊಡ್ಡ ವ್ರತ. ಪಟ್ಟಣಗಳಲ್ಲಿ ಅದು ಸುಲಭ. ನಮ್ಮ ಊರುಗಳಲ್ಲಿ ದಾದಿ ಮತ್ತು ರೋಗಿ ಒಂದೇ ಬಸ್ಸಿನಲ್ಲಿ ಬರುವವರು, ಒಂದೇ ಜಾತ್ರೆಯಲ್ಲಿ ತೇರು ಎಳೆಯುವವರು. ಯಾರಿಗೆ ಯಾವ ಗುಳಿಗೆ ನಡೆದಿದೆ, ಯಾರ ರಕ್ತದಲ್ಲಿ ಏನು ಕಂಡಿತು ಎಂಬುದು ಅವಳ ಹೊಟ್ಟೆಯಲ್ಲಿ ಇರುತ್ತದೆ. ಎಚ್.ಐ.ವಿ. ಸೋಂಕಿತರ ಗುಟ್ಟು ಕಾಪಾಡಲು 2017ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಆದರೆ ಬೀಗರಾಗಲಿರುವ ಮನೆಯ ಹುಡುಗನ ವಿಷಯ ತಿಳಿಯಲು ದಾದಿಯ ತಾಯಿಯ ಮೂಲಕ ಸುದ್ದಿ ತೆಗೆಯುವವರು ನಮ್ಮ ಬಳಗದಲ್ಲಿಯೇ ಇದ್ದಾರೆ. "ನನಗ ಗೊತ್ತಿಲ್ರಿ ಕಾಕಾರ" ಎಂದು ಹೇಳಿ ಎದ್ದುಹೋದ ಒಬ್ಬ ಮಗಳನ್ನು ಬಲ್ಲೆವು. ಸೊಕ್ಕಿನವಳೆಂದು ಹೆಸರಾಯಿತು ಅವಳಿಗೆ.

ರೋಗಿ ಮಾತಾಡಲಾರದೆ ಬಿದ್ದಾಗ ಶುಶ್ರೂಷೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಮ್ಮ ನಾಡಿನ ಮಗಳೊಬ್ಬಳ ಕಥೆಯಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಆಕೆಯ ಮೇಲೆ ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ಹೋಗದೆ ಆಕೆ ಜೀವಚ್ಛವವಾದಳು. ಅಂದಿನಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದೂವರೆ ವರ್ಷ, ಅದೇ ಆಸ್ಪತ್ರೆಯ ದಾದಿಯರು ಆಕೆಗೆ ಉಣಿಸಿದರು, ಮೀಯಿಸಿದರು, ಮಗ್ಗುಲು ಬದಲಿಸಿದರು. ಆಕೆ ನಡೆದಾಡಿದ್ದನ್ನು ಕಂಡ ದಾದಿಯರು ನಿವೃತ್ತರಾದರು. ಆಕೆಯ ದುರಂತದ ತರುವಾಯ ಹುಟ್ಟಿದವರು ಪಾಳಿಗೆ ಬಂದರು. ಅಷ್ಟು ಕಾಲ ಮಲಗಿದ ಮೈಗೆ ಹಾಸಿಗೆ ಹುಣ್ಣಾಗಲಿಲ್ಲ. ರೋಗಿಯನ್ನು ನೋಡಿಕೊಂಡ ಮನೆಗಳವರಿಗೆ ಇದರ ಬೆಲೆ ಗೊತ್ತು. ಆಹಾರ ನಿಲ್ಲಿಸಿ ಆಕೆಯನ್ನು ಬಿಡುಗಡೆ ಮಾಡಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಆಸ್ಪತ್ರೆಯವರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿ ಆ ದಾದಿಯರನ್ನು ಕೊಂಡಾಡಿತು. ಅದೇ ತೀರ್ಪು ಕೆಲವು ಸಂದರ್ಭಗಳಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ದಾರಿಯನ್ನೂ ತೆರೆಯಿತು, 2018ರ ತೀರ್ಪು ಅದನ್ನು ವಿಸ್ತರಿಸಿತು. ಅಂಥ ಬಾಳನ್ನು ಮುಂದುವರಿಸುವುದು ಕರುಣೆಯೋ ಅಲ್ಲವೋ ಎಂಬ ಪ್ರಶ್ನೆಗೆ ನಾವು ಸುಲಭದ ಉತ್ತರ ಕೊಡಲಾರೆವು. ಆ ಪ್ರಶ್ನೆಯಲ್ಲಿ ಮಾತಾಡುವ ಹಕ್ಕು ಹಗಲಿರುಳು ಮಗ್ಗುಲು ಬದಲಿಸಿದ ಕೈಗಳಿಗೆ ಉಳಿದೆಲ್ಲರಿಗಿಂತ ಹೆಚ್ಚೆಂದು ಮಾತ್ರ ಹೇಳುತ್ತೇವೆ.

ಈ ಲೇಖನ ಬರೆಯುತ್ತಿರುವಾಗಲೇ ನಮ್ಮ ಅಣ್ಣನ ಮೊಮ್ಮಗಳ ಹೆರಿಗೆಯಾಯಿತು. ಗೋಕಾಕದ ಒಂದು ದವಾಖಾನೆಯ ಪಡಸಾಲೆಯಲ್ಲಿ ಮನೆಯ ಹೆಂಗಸರೆಲ್ಲ ಕುಳಿತಿದ್ದರು, ನಾವೂ ಒಂದು ಮೂಲೆಯಲ್ಲಿದ್ದೆವು. ಬಾಗಿಲು ತೆರೆದು ದಾದಿ ಹೊರಬಂದಳು. ಕೈಯಲ್ಲಿ ಬಿಳಿಯ ಅರಿವೆಯ ಗಂಟು. ನಮ್ಮ ಅತ್ತಿಗೆಯವರು ಮೊದಲು ಎದ್ದು "ಏನ್ ಹುಟ್ಟೇತ್ರಿ ಬಾಯಾರ?" ಎಂದು ಕೇಳಿದರು. ದಾದಿ ಕೂಸನ್ನು ಅವರ ಕೈಗೆ ಕೊಟ್ಟು, "ತಾಯಿ ಆರಾಮ ಅದಾಳ್ರಿ ಅವ್ವಾರ. ರಕ್ತ ಭಾಳ ಹೋಗಿಲ್ಲ. ಕೂಸು ಎರಡೂ ಮುಕ್ಕಾಲು ಕಿಲೋ ಐತಿ, ಚಲೋ ಅತ್ತೈತಿ" ಎಂದಳು. ಅತ್ತಿಗೆಯವರು ಇನ್ನೊಮ್ಮೆ ಕೇಳಲಿಲ್ಲ. ಅರಿವೆ ಸರಿಸಿ ಮುಖವನ್ನಷ್ಟೇ ನೋಡಿದರು, ಒಳಗೆ ತಾಯಿಯ ಬಳಿಗೆ ನಡೆದರು. ಸಂಜೆ ನಮ್ಮ ಮನೆಗೆ ಬಂದ ಡಬ್ಬಿಯಲ್ಲಿ ಜಿಲೇಬಿಯಿತ್ತು.